ಕಾರವಾರದ ದೋಣಿಗಳಲ್ಲಿ ಕಡಲನ್ನು ಹೇಳಿ ತೋರಿಸುವವರು ಬೇಕು

ಮಾನ್ಯ ಸಂಪಾದಕರೇ,

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನ ಬಸವನಗುಡಿಯ ನಮ್ಮ ನೆರೆಹೊರೆಯ ಇಪ್ಪತ್ತೆರಡು ಮಂದಿ, ಬಹುಪಾಲು ನಿವೃತ್ತರು ಮತ್ತು ಅವರ ಮಕ್ಕಳು ಮೊಮ್ಮಕ್ಕಳು, ಪಂಚಗಂಗಾ ಎಕ್ಸ್‌ಪ್ರೆಸ್ ರೈಲಿನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಕಾರವಾರಕ್ಕೆ ಹೋಗಿದ್ದೆವು. ದೇವಗಡದ ದೀಪಸ್ತಂಭ, ಕೂರ್ಮಗಡ ದ್ವೀಪ, ಕಾಳಿ ನದಿಯ ಅಳಿವೆ, ಕಡಲಂಚಿನವರೆಗೂ ಇಳಿದು ಬಂದಿರುವ ಸಹ್ಯಾದ್ರಿಯ ಬೆಟ್ಟಗಳು, ಅದೃಷ್ಟವಿದ್ದರೆ ಡಾಲ್ಫಿನ್‌ಗಳು, ಇಷ್ಟನ್ನು ದೋಣಿಯಲ್ಲಿ ಕುಳಿತು ಒಂದೇ ಬೆಳಗಿನಲ್ಲಿ ನೋಡಬೇಕೆಂಬುದು ನಮ್ಮ ಆಸೆಯಾಗಿತ್ತು. ಆ ಎರಡು ಗಂಟೆಗಳಲ್ಲಿ ಕಂಡದ್ದನ್ನೂ, ಕಣ್ಣೆದುರಿಗಿದ್ದೂ ಕಾಣದೆ ಹೋದದ್ದನ್ನೂ ತಮ್ಮ ಪತ್ರಿಕೆಯ ಓದುಗರ ಮುಂದಿಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಕರಾವಳಿಯ ಪ್ರವಾಸೋದ್ಯಮವನ್ನು ಬೆಳೆಸುವ ಮಾತು ಈಚೆಗೆ ಮತ್ತೆ ಮತ್ತೆ ಕೇಳಿಬರುತ್ತಿದೆ. ದೋಣಿಗಳ ಸಂಖ್ಯೆ ಇನ್ನೂ ಹೆಚ್ಚುವ ಮೊದಲೇ ಇದನ್ನು ಹೇಳುವುದು ಒಳ್ಳೆಯದೆಂದು ನನ್ನ ಭಾವನೆ. ಪತ್ರ ದೀರ್ಘವಾಗಿದ್ದರೆ ಕ್ಷಮೆಯಿರಲಿ.

ನಾವು ಹಣ ಕಟ್ಟಿದ ಕಡೆ ‘ಡಾಲ್ಫಿನ್ ದರ್ಶನ ಖಚಿತ’ ಎಂದು ದೊಡ್ಡದಾಗಿ ಬರೆದಿದ್ದರು. ದೋಣಿ ದಡ ಬಿಟ್ಟು ಇಪ್ಪತ್ತು ನಿಮಿಷವಾಗಿರಬಹುದು, ಅಳಿವೆಯ ಮುಂದೆ ನೀರಿನ ಬಣ್ಣ ಬದಲಾಗುವ ಕಡೆ ಮೂರು ಬೂದು ಬೆನ್ನುಗಳು ಮೇಲೆದ್ದು ಮುಳುಗಿದವು. ಅವುಗಳಲ್ಲಿ ಒಂದು ಚಿಕ್ಕದು, ತಾಯಿಯ ಮಗ್ಗುಲಿಗೆ ಅಂಟಿಕೊಂಡೇ ಈಜುತ್ತಿದ್ದ ಮರಿ. ಕಂಡದ್ದೇ ತಡ, ನಮ್ಮ ದೋಣಿಯ ಚಾಲಕ ಎಂಜಿನ್ನಿನ ವೇಗ ಏರಿಸಿ ನೇರವಾಗಿ ಅವುಗಳ ಕಡೆಗೆ ನುಗ್ಗಿಸಿದ. ಅಷ್ಟರಲ್ಲಿ ಇನ್ನೂ ಎರಡು ದೋಣಿಗಳು ಎದುರುಗಡೆಯಿಂದ ಬಂದು ಅವು ಮೇಲೇಳುವ ಜಾಗವನ್ನು ಮೂರು ದಿಕ್ಕಿನಿಂದ ಮುತ್ತಿಕೊಂಡವು. ಅವು ಮುಳುಗಿದಾಗ ಎಲ್ಲರೂ ಉಸಿರು ಬಿಗಿಹಿಡಿದು ಕಾಯುವುದು, ಎದ್ದ ಕೂಡಲೇ ದೋಣಿ ತಿರುಗಿಸಿ ಅಟ್ಟಿಸಿಕೊಂಡು ಹೋಗುವುದು, ಹೀಗೆ ಸುಮಾರು ಮುಕ್ಕಾಲು ಗಂಟೆ ನಡೆಯಿತು. ಚಾಲಕನೊಬ್ಬನನ್ನೇ ದೂರುವುದು ನ್ಯಾಯವಲ್ಲ. ನಮ್ಮವರೇ ಮೊಬೈಲು ಹಿಡಿದು ಎದ್ದು ನಿಂತು ‘ಇನ್ನೂ ಹತ್ತಿರ ಹೋಗಿ, ಇನ್ನೂ ಹತ್ತಿರ’ ಎಂದು ಕೂಗುತ್ತಿದ್ದೆವು. ಹಾಗೆ ಕೂಗಿದವರಲ್ಲಿ ನಾನೂ ಒಬ್ಬನಾಗಿದ್ದೆ, ಮತ್ತು ಅದು ಈಗಲೂ ನನ್ನನ್ನು ಚುಚ್ಚುತ್ತಿದೆ. ಕೊನೆಗೊಮ್ಮೆ ಆ ಮೂರೂ ತುಂಬ ದೂರದಲ್ಲಿ ಎದ್ದು ಮತ್ತೆ ಕಾಣಿಸಲಿಲ್ಲ. ಹೊತ್ತು ಮೀರಿತೆಂದು ದೀಪಸ್ತಂಭದ ದ್ವೀಪವನ್ನು ದೂರದಿಂದಲೇ ಅರ್ಧ ಸುತ್ತು ಹಾಕಿಸಿ, ಧ್ವನಿವರ್ಧಕದಲ್ಲಿ ಹಾಡು ಹಾಕಿ ದಡಕ್ಕೆ ಕರೆತಂದರು.

ನನಗೆ ಈ ಸಂಗತಿ ಇಷ್ಟು ನೋವು ಕೊಡಲು ಒಂದು ಕಾರಣವಿದೆ. 1986ರಿಂದ ಮೂರು ವರ್ಷ ನಾನು ಬ್ಯಾಂಕ್ ಉದ್ಯೋಗದ ಮೇಲೆ ಕಾರವಾರದಲ್ಲಿದ್ದೆ. ದೋಣಿಗೆ ಎಂಜಿನ್ ಕೂರಿಸಲು ನಮ್ಮ ಶಾಖೆಯಲ್ಲಿ ಸಾಲ ಪಡೆದಿದ್ದ ಹಿರಿಯ ತಾಂಡೇಲರೊಬ್ಬರು (ಮೀನುಗಾರಿಕೆ ದೋಣಿಯನ್ನು ನಡೆಸುವ ಮುಖ್ಯಸ್ಥರು), ಬೆಂಗಳೂರು ಕಡೆಯ ಹುಡುಗ ಸಮುದ್ರ ನೋಡಿಲ್ಲವೆಂದು ಕನಿಕರಪಟ್ಟು, ರಜೆಯ ದಿನಗಳಲ್ಲಿ ನಾಲ್ಕೈದು ಬಾರಿ ನನ್ನನ್ನು ತಮ್ಮ ದೋಣಿಯಲ್ಲಿ ಇದೇ ದಾರಿಯಲ್ಲಿ ಕರೆದುಕೊಂಡು ಹೋಗಿದ್ದರು. ಅವರು ಓದಿದವರಲ್ಲ. ಆದರೆ ಆ ಎರಡು ಗಂಟೆಗಳಲ್ಲಿ ಅವರು ತೋರಿಸದೆ ಬಿಟ್ಟದ್ದು ಏನೂ ಇರುತ್ತಿರಲಿಲ್ಲ. ಗಾಳಿ ಮುಂಜಾನೆ ನೆಲದಿಂದ ಕಡಲಿಗೆ ಬೀಸುತ್ತದೆ, ಮಧ್ಯಾಹ್ನದ ಹೊತ್ತಿಗೆ ತಿರುಗಿ ಕಡಲಿಂದ ನೆಲಕ್ಕೆ ಬೀಸುತ್ತದೆ, ಆದ್ದರಿಂದ ಹೊಸಬರನ್ನು ಕರೆದೊಯ್ಯುವುದಾದರೆ ಬಿಸಿಲೇರುವ ಮೊದಲೇ ಹೋಗಿ ಬರಬೇಕು ಎಂಬುದನ್ನು ನಾನು ಅವರಿಂದ ಕಲಿತೆ. ನಮ್ಮ ಈಚಿನ ಯಾನ ಶುರುವಾದದ್ದು ಹನ್ನೊಂದು ಗಂಟೆಗೆ; ಮರಳುವಾಗ ಅಲೆಯೆದ್ದು ಮೂವರು ಹಿರಿಯರು ವಾಂತಿ ಮಾಡಿಕೊಂಡರು.

ಬೆಟ್ಟಕ್ಕೂ ದೀಪಸ್ತಂಭಕ್ಕೂ ಇರುವ ನಂಟನ್ನು ನನಗೆ ತಿಳಿಸಿದವರೂ ಅವರೇ. ಪ್ರವಾಸಿಗರ ಪಾಲಿಗೆ ಬೆಟ್ಟ ಒಂದು ನೋಟ, ದೀಪಸ್ತಂಭ ಇನ್ನೊಂದು ನೋಟ. ಕಡಲಿನ ಮೇಲೆ ಬದುಕುವವರಿಗೆ ಇವೆರಡೂ ಸೇರಿ ಒಂದು ಅಳತೆಗೋಲು. ದಡದ ಹಿಂದಿನ ಗುಡ್ಡದ ನೆತ್ತಿಯೂ ಅದರ ಮುಂದಿನ ಬಂಡೆಯೋ ಕಟ್ಟಡವೋ ಒಂದೇ ಗೆರೆಯಲ್ಲಿ ಕಂಡರೆ ದೋಣಿ ಆ ಗೆರೆಯ ಮೇಲಿದೆ ಎಂದು ಅರ್ಥ. ಇನ್ನೊಂದು ದಿಕ್ಕಿನಲ್ಲಿ ದ್ವೀಪದ ಸ್ತಂಭವೂ ಅದರಾಚೆಯ ಕೋಡೂ ಕೂಡಿಬಂದರೆ ಎರಡನೆಯ ಗೆರೆ ಸಿಕ್ಕಿತು. ಎರಡು ಗೆರೆಗಳು ಕತ್ತರಿಸುವ ಜಾಗವೇ ದೋಣಿ ಇರುವ ಜಾಗ. ಮುಳುಗಿದ ಬಂಡೆಗಳು ಎಲ್ಲಿವೆ, ಬಲೆ ಹರಿಯುವ ಕಲ್ಲುನೆಲ ಎಲ್ಲಿದೆ, ಮೀನು ಸೇರುವ ಗುಂಡಿ ಎಲ್ಲಿದೆ ಎಂಬುದನ್ನೆಲ್ಲ ಅವರು ಹೀಗೆಯೇ ನೆನಪಿನಲ್ಲಿಟ್ಟುಕೊಂಡಿದ್ದರು. ಉಪಗ್ರಹದ ಸಹಾಯದಿಂದ ದಾರಿ ತೋರಿಸುವ ಯಂತ್ರಗಳು ಬರುವ ಎಷ್ಟೋ ಮುಂಚೆ ಈ ಕರಾವಳಿಯ ನಕಾಶೆ ಮೀನುಗಾರರ ತಲೆಯೊಳಗೆ ಹೀಗೆ ಬರೆದಿಡಲ್ಪಟ್ಟಿತ್ತು. ದೋಣಿಯಲ್ಲಿ ಕುಳಿತ ಹತ್ತು ವರ್ಷದ ಮಗುವಿಗೂ ಇದನ್ನು ಐದು ನಿಮಿಷದಲ್ಲಿ ಕಣ್ಣಾರೆ ತೋರಿಸಬಹುದು.

ರಾತ್ರಿಯಾದರೆ ಬೆಟ್ಟ ಕತ್ತಲಿಗೆ ಸೇರಿ ದೀಪ ಮಾತ್ರ ಉಳಿಯುತ್ತದೆ. ಆಗ ಎಣಿಕೆ ಶುರು. ಒಂದೊಂದು ದೀಪಸ್ತಂಭಕ್ಕೂ ತನ್ನದೇ ಆದ ಮಿನುಗಿನ ಲಯವಿರುತ್ತದೆ. ಎಷ್ಟು ಸೆಕೆಂಡಿಗೊಮ್ಮೆ, ಎಷ್ಟು ಬಾರಿ ಬೆಳಕು ಬಂತು ಎಂದು ಎಣಿಸಿದರೆ ಅದು ಸುರತ್ಕಲ್ಲೋ ಕಾಪುವೋ ಭಟ್ಕಳವೋ ದೇವಗಡವೋ ಎಂದು ನಾವಿಕನಿಗೆ ಗೊತ್ತಾಗುತ್ತದೆ. ಹಳೆಯ ಕಾಲದಲ್ಲಿ ಎಣ್ಣೆಯ ದೀಪದ ಸುತ್ತ, ಉಂಗುರದ ಮೇಲೆ ಉಂಗುರ ಜೋಡಿಸಿದ ಗಾಜಿನ ಮಸೂರಗಳನ್ನು ಇಟ್ಟು, ಚದುರಿ ಹೋಗುವ ಬೆಳಕನ್ನೆಲ್ಲ ಒಂದೇ ಪಟ್ಟಿಯಾಗಿ ಕಡಲಿನತ್ತ ತಿರುಗಿಸುತ್ತಿದ್ದರು. ಫ್ರಾನ್ಸಿನ ವಿಜ್ಞಾನಿ ಫ್ರೆನೆಲ್ ಎರಡು ಶತಮಾನಗಳ ಹಿಂದೆ ರೂಪಿಸಿದ ಈ ಮಸೂರ ಜಗತ್ತಿನ ಎಲ್ಲ ಕರಾವಳಿಗಳ ದೀಪಗಳನ್ನೂ ಬದಲಾಯಿಸಿತು. ಭೂಮಿ ಗುಂಡಗಿರುವುದರಿಂದ ದೀಪ ಎತ್ತರದಲ್ಲಿದ್ದಷ್ಟೂ ದೂರದ ಹಡಗಿಗೆ ಕಾಣುತ್ತದೆ. ದ್ವೀಪದ ನೆತ್ತಿಯಲ್ಲಿ ಸ್ತಂಭ ಕಟ್ಟುವುದು ಅದಕ್ಕಾಗಿಯೇ. 1901ರಲ್ಲಿ ಕಟ್ಟಿದ, 27 ಮೀಟರ್ ಎತ್ತರದ ಕಾಪುವಿನ ಸ್ತಂಭವನ್ನು ನಮ್ಮಲ್ಲಿ ಅನೇಕರು ಹತ್ತಿ ನೋಡಿದ್ದಾರೆ. ಅದು ದಡದ ಬಂಡೆಯ ಮೇಲಿರುವುದರಿಂದ ನಡೆದು ಹೋಗಬಹುದು. ದೇವಗಡದ್ದು ಹಾಗಲ್ಲ, ದೋಣಿಯೇ ಗತಿ.

ಬ್ರಿಟಿಷರು ತಮ್ಮ ನಕಾಶೆಗಳಲ್ಲಿ ‘ಆಯ್ಸ್ಟರ್ ರಾಕ್’ ಎಂದು ಬರೆದುಕೊಂಡ ಈ ದೇವಗಡದ ಮೇಲೆ ದೀಪ ಹೊತ್ತಿದ್ದು 1860ರ ದಶಕದಲ್ಲಿ. ಅದಕ್ಕೊಂದು ಹಿನ್ನೆಲೆಯಿದೆ. ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಆ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೇರಿಸಲು ಹತ್ತಿರದ ಒಳ್ಳೆಯ ಬಂದರು ಕಾರವಾರವೆಂದು, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಎಲ್ಲೋ ದೂರದ ಯುದ್ಧ, ಧಾರವಾಡದ ರೈತನ ಹೊಲ, ಕಾರವಾರದ ಮುಂದಿನ ಬಂಡೆಯ ಮೇಲಿನ ದೀಪ, ಈ ಮೂರನ್ನು ಒಂದೇ ಎಳೆಯಲ್ಲಿ ಕಟ್ಟಿ ಹೇಳಬಲ್ಲವರು ದೋಣಿಯಲ್ಲಿದ್ದಿದ್ದರೆ ನಮ್ಮ ಇಪ್ಪತ್ತೆರಡು ಮಂದಿಯೂ ಆ ಸ್ತಂಭವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ನಮಗೆ ಸಿಕ್ಕ ವಿವರಣೆ ‘ಅದೋ ಲೈಟ್‌ಹೌಸ್’ ಎಂಬ ಎರಡು ಪದ.

ಸಹ್ಯಾದ್ರಿಯ ಬಗ್ಗೆಯೂ ಹೀಗೆಯೇ. ಪಶ್ಚಿಮ ಘಟ್ಟಗಳು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಎಲ್ಲರಿಗೂ ಗೊತ್ತಿದೆ, ಆದರೆ ಅವನ್ನು ಕಡಲಿನ ಕಡೆಯಿಂದ ನೋಡಿದವರು ಕಡಿಮೆ. ಕಾರವಾರದಲ್ಲಿ ಬೆಟ್ಟದ ಸಾಲು ಸಮುದ್ರಕ್ಕೆ ಎಷ್ಟು ಹತ್ತಿರ ಬಂದಿದೆಯೆಂದರೆ, ದೋಣಿಯಿಂದ ನೋಡುವಾಗ ಊರು ಬೆಟ್ಟಕ್ಕೂ ನೀರಿಗೂ ನಡುವೆ ಸಿಕ್ಕಿಸಿಟ್ಟ ಪಟ್ಟಿಯಂತೆ ಕಾಣುತ್ತದೆ. ಮುಂದಿನ ಸಾಲು ಹಸಿರು, ಅದರ ಹಿಂದಿನದು ಕಪ್ಪು ನೀಲಿ, ಅದರಾಚೆಯದು ಹೊಗೆಯಂಥ ಬೂದು. ಮಳೆಗಾಲದ ಮೋಡಗಳನ್ನು ತಡೆದು ನಿಲ್ಲಿಸುವ ಗೋಡೆ ಇದು. ಇದೇ ಜಿಲ್ಲೆಯ ಜೊಯಿಡಾದ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು, ಇದೇ ಜಿಲ್ಲೆಯ ಸದಾಶಿವಗಡದ ಬುಡದಲ್ಲಿ ಕಡಲು ಸೇರುವ ಕಾಳಿ ನದಿ ಈ ಗೋಡೆ ಹಿಡಿದಿಟ್ಟ ಮಳೆಯ ನೀರೇ. ಸೋಂದೆಯ ಅರಸರು ಕಟ್ಟಿಸಿದ ಸದಾಶಿವಗಡದ ಕೋಟೆ ಅಳಿವೆಯನ್ನು ಕಾಯುವ ಜಾಗದಲ್ಲಿ ನಿಂತಿರುವುದು ದೋಣಿಯಿಂದ ನೋಡಿದಾಗಲೇ ಸರಿಯಾಗಿ ಅರ್ಥವಾಗುವುದು. ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಕೆಲಕಾಲ ಉಳಿದಿದ್ದ ತರುಣ ರವೀಂದ್ರನಾಥ ಠಾಕೂರರು ಬೆಳದಿಂಗಳಲ್ಲಿ ಪುಟ್ಟ ದೋಣಿಯೇರಿ ಈ ಕಾಳಿಯಲ್ಲಿ ಸಾಗಿದ್ದನ್ನು ಮುಂದೆ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅವರ ಹೆಸರಿನ ಕಡಲತೀರದಿಂದಲೇ ಜನ ದೋಣಿಗೆ ಹೋಗುತ್ತಾರೆ, ಆ ಯಾನದ ಸುದ್ದಿಯನ್ನು ಯಾರೂ ಅವರಿಗೆ ಹೇಳುವುದಿಲ್ಲ.

ಈಗ ಡಾಲ್ಫಿನ್‌ಗಳ ವಿಷಯಕ್ಕೆ ಬರುತ್ತೇನೆ. ನಮ್ಮ ಕರಾವಳಿಯಲ್ಲಿ ದಡದ ಹತ್ತಿರ ಕಾಣುವುದು ಹೆಚ್ಚಾಗಿ ಬೆನ್ನಿನ ಮೇಲೆ ಗೂನಿರುವ ಬೂದು ಬಣ್ಣದ ಡಾಲ್ಫಿನ್. ಅದು ಆಳ ಸಮುದ್ರದ ಪ್ರಾಣಿಯಲ್ಲ. ನದಿಯ ಸಿಹಿನೀರು ತಂದ ಫಲವತ್ತಾದ ಮಣ್ಣು ಉಪ್ಪುನೀರಿಗೆ ಬೆರೆಯುವ ಅಳಿವೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬೇರುಗಳ ನಡುವೆ ಮೀನುಮರಿಗಳು ಬೆಳೆಯುವ ಹಿನ್ನೀರು, ಇವುಗಳ ಎದುರಿನ ಆಳವಿಲ್ಲದ ನೀರೇ ಅದರ ಮನೆ. ಅಂದರೆ ನಾವು ಅಟ್ಟಿಸಿಕೊಂಡು ಹೋದರೆ ಅದಕ್ಕೆ ಓಡಿ ಹೋಗಲು ಬೇರೆ ಕಡಲಿಲ್ಲ. ಅದು ಮೀನಲ್ಲ, ನಮ್ಮಂತೆಯೇ ಶ್ವಾಸಕೋಶದಿಂದ ಉಸಿರಾಡುವ, ಮರಿಗೆ ಹಾಲೂಡುವ ಪ್ರಾಣಿ. ನೀರಿನಿಂದ ಮೇಲೇಳುವುದು ನಮ್ಮ ಫೋಟೊಕ್ಕಾಗಿ ಅಲ್ಲ, ಉಸಿರಿಗಾಗಿ. ವರ್ಷ ಹತ್ತಿರ ಗರ್ಭ ಹೊತ್ತು ಒಂದೇ ಮರಿ ಹಾಕುತ್ತದೆ, ಮುಂದಿನ ಮರಿಗೆ ಕೆಲವು ವರ್ಷಗಳೇ ಹಿಡಿಯುತ್ತವೆ. ಕಲಕಿದ ನೀರಿನಲ್ಲಿ ಕಣ್ಣು ನಡೆಯದ ಕಾರಣ ಅದು ಶಬ್ದ ಹೊಮ್ಮಿಸಿ, ಮರಳಿ ಬಂದ ದನಿಯಿಂದ ಮೀನನ್ನೂ ದಾರಿಯನ್ನೂ ತನ್ನ ಮರಿಯನ್ನೂ ತಿಳಿಯುತ್ತದೆ. ಮೂರು ಎಂಜಿನ್ನುಗಳು ಒಟ್ಟಿಗೆ ಆರ್ಭಟಿಸುವಾಗ ಆ ತಾಯಿಗೆ ಮರಿಯ ದನಿ ಹೇಗೆ ಕೇಳಿಸೀತು? ಈ ಜಾತಿಯನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅಳಿವಿನಂಚಿನಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿಟ್ಟಿದೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಹುಲಿ ಆನೆಗಳ ಜೊತೆಯಲ್ಲಿ, ಇದಕ್ಕೂ ರಕ್ಷಣೆಯಿದೆ. ಬಂಡೀಪುರದ ಸಫಾರಿಯಲ್ಲಿ ಮರಿಯಿರುವ ಹುಲಿಯನ್ನು ಮೂರು ಜೀಪುಗಳು ಸುತ್ತುಗಟ್ಟಿ ಮುಕ್ಕಾಲು ಗಂಟೆ ಓಡಿಸಿದರೆ ಮರುದಿನದ ಪತ್ರಿಕೆಗಳಲ್ಲಿ ಅದೇ ಮುಖ್ಯ ಸುದ್ದಿಯಾಗುತ್ತದೆ. ಕಡಲಿನ ಮೇಲೆ ದಿನವೂ ನಡೆಯುವ ಇದೇ ಕೆಲಸಕ್ಕೆ ನಾವು ದರ್ಶನವೆಂದು ಹೆಸರಿಟ್ಟು ಟಿಕೆಟು ಕೊಳ್ಳುತ್ತಿದ್ದೇವೆ.

ನಾನು ಕಂಡ ತಾಂಡೇಲರು ಡಾಲ್ಫಿನ್ ಕಂಡ ಕೂಡಲೇ ಎಂಜಿನ್ ನಿಲ್ಲಿಸುತ್ತಿದ್ದರು. ಸುಮ್ಮನೆ ಕುಳಿತಿರಿ, ಬೇಕೆನಿಸಿದರೆ ಅವೇ ಬರುತ್ತವೆ ಎನ್ನುತ್ತಿದ್ದರು. ಒಂದು ಸಲ ಹತ್ತು ನಿಮಿಷದ ಮೇಲೆ ನಿಜವಾಗಿಯೂ ಬಂದವು. ಮೊದಲು ಉಸಿರು ಬಿಡುವ ಸದ್ದು ಕೇಳಿಸಿತು, ಆಮೇಲೆ ಬೆನ್ನು ಕಂಡಿತು. ಆ ಸದ್ದನ್ನು ನಾನು ಈ ಬಾರಿ ಕೇಳಲೇ ಇಲ್ಲ. ಎಂಜಿನ್ ಓಡುತ್ತಿರುವಾಗ ಅದು ಕೇಳಿಸುವಂಥದ್ದಲ್ಲ.

ಹಕ್ಕಿಗಳನ್ನೂ ನಾವು ಹಾಗೆಯೇ ಕಳೆದುಕೊಂಡೆವು. ಕೂರ್ಮಗಡದ ಕಡೆಯ ಎತ್ತರದ ಮರವೊಂದರಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದು ಕುಳಿತಿದ್ದುದನ್ನು ನಾನು ನೋಡಿ ಪಕ್ಕದವರಿಗೆ ಹೇಳುವಷ್ಟರಲ್ಲಿ ದೋಣಿ ಮುಂದೆ ಹೋಗಿತ್ತು. ಮೀನನ್ನೂ ಕಡಲ ಹಾವನ್ನೂ ಹಿಡಿದು ತಿನ್ನುವ ಈ ದೊಡ್ಡ ಹಕ್ಕಿ ವರ್ಷ ವರ್ಷವೂ ಅದೇ ಗೂಡಿಗೆ ಕಡ್ಡಿ ಸೇರಿಸಿ ದೊಡ್ಡದು ಮಾಡುತ್ತದೆ. ಎತ್ತರದ ಒಂದು ಮರ ಕಡಿದರೆ ಹಲವು ವರ್ಷಗಳ ಮನೆ ಹೋಯಿತು ಎಂದೇ ಲೆಕ್ಕ. ಚಳಿಗಾಲದಲ್ಲಿ ಲಡಾಖ್ ಮತ್ತು ಮಧ್ಯ ಏಷ್ಯಾದ ಸರೋವರಗಳಿಂದ ಬರುವ ಕಂದು ತಲೆಯ ಕಡಲಹಕ್ಕಿಗಳು ದೋಣಿಯ ಹಿಂದೆ ಹಾರಿಬಂದವು. ನಮ್ಮವರು ಅವುಗಳಿಗೆ ಪೊಟ್ಟಣದ ಕುರುಕಲು ತಿಂಡಿ ಎಸೆದರು, ತಿಂಡಿ ಮುಗಿದ ಮೇಲೆ ಪೊಟ್ಟಣವೂ ನೀರಿಗೆ ಹೋಯಿತು. ಬೇಡವೆಂದು ಹೇಳುವವರು ಒಬ್ಬರಿರಲಿಲ್ಲ. ಜನವರಿಯಿಂದ ಕಡಲಾಮೆಗಳು ಮೊಟ್ಟೆಯಿಡಲು ಬರುವ ದಡ ಅದು. ಅರಣ್ಯ ಇಲಾಖೆಯವರು ಆ ಮೊಟ್ಟೆಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಕಾಯುವವರು ದಡದಲ್ಲಿ, ಪ್ಲಾಸ್ಟಿಕ್ ಎಸೆಯುವ ನಾವು ನೀರಿನಲ್ಲಿ.

ಇದೆಲ್ಲ ಆಗದ ಕೆಲಸವಲ್ಲ, ಕರ್ನಾಟಕದಲ್ಲೇ ಆಗಿರುವ ಕೆಲಸ. ಬೆಂಗಳೂರಿನವರು ಭಾನುವಾರ ಹೋಗಿ ಬರುವ ರಂಗನತಿಟ್ಟನ್ನು ನೆನಪಿಸಿಕೊಳ್ಳಿ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಗಿ, 2022ರಲ್ಲಿ ರಾಮ್ಸಾರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ) ಆದ ಆ ಕಾವೇರಿಯ ನಡುಗಡ್ಡೆಗಳ ನಡುವೆ ಹುಟ್ಟು ಹಾಕಿ ದೋಣಿ ನಡೆಸುವವರು ಸುತ್ತಲ ಊರುಗಳವರೇ. ಅವರು ಚಮಚದ ಕೊಕ್ಕಿನ ಹಕ್ಕಿಯನ್ನೂ ಬಣ್ಣದ ಕೊಕ್ಕರೆಯನ್ನೂ ಹೆಸರಿಟ್ಟು ತೋರಿಸುತ್ತಾರೆ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯ ಹತ್ತಿರ ದೋಣಿಯನ್ನು ಸದ್ದಿಲ್ಲದೆ ತಂದು ನಿಲ್ಲಿಸುತ್ತಾರೆ, ಮಕ್ಕಳು ಗಲಾಟೆ ಮಾಡಿದರೆ ಗದರುತ್ತಾರೆ. ಅಲ್ಲಿ ಹಕ್ಕಿಗಳನ್ನು ಎಬ್ಬಿಸಿ ಹಾರಿಸಿ ಎಂದು ಕೇಳುವ ಪ್ರವಾಸಿಗರನ್ನು ನಾನು ಕಂಡಿಲ್ಲ. ಅಲ್ಲಿಗೆ ಹೋಗುವ ಬೆಂಗಳೂರಿನ ಜನವೇ ಕಾರವಾರಕ್ಕೂ ಹೋಗುವುದು; ಅದೇ ನಾವು ಅಲ್ಲಿ ಒಂದು ರೀತಿ, ಇಲ್ಲಿ ಒಂದು ರೀತಿ ನಡೆದುಕೊಂಡೆವೆಂದರೆ, ವ್ಯತ್ಯಾಸ ಇರುವುದು ದೋಣಿಯಲ್ಲಿ ಹೇಳಿ ತೋರಿಸುವವರು ಇದ್ದಾರೆಯೋ ಇಲ್ಲವೋ ಎಂಬುದರಲ್ಲಿ. ನೋಡಲು ಬೇರೇನೂ ಇಲ್ಲವೆಂದು ಭಾವಿಸಿದವರು ಇರುವ ಒಂದನ್ನೇ ಅಟ್ಟಿಸಿಕೊಂಡು ಹೋಗುತ್ತಾರೆ. ದೀಪಸ್ತಂಭಕ್ಕೆ ಹದಿನೈದು ನಿಮಿಷ, ಬೆಟ್ಟದ ಸಾಲಿಗೆ ಹತ್ತು ನಿಮಿಷ, ಹದ್ದಿನ ಗೂಡಿಗೆ ಐದು ನಿಮಿಷ ಎಂದು ಮಾತು ತುಂಬಿದ ಯಾನದಲ್ಲಿ ಡಾಲ್ಫಿನ್ ಕಂಡರೆ ಅದು ಭಾಗ್ಯ, ಕಾಣದಿದ್ದರೂ ಹಣ ಹೋಯಿತೆಂದು ಯಾರೂ ಗೊಣಗುವುದಿಲ್ಲ.

ಆದ್ದರಿಂದ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ, ಪ್ರವಾಸೋದ್ಯಮ ಇಲಾಖೆ ಮತ್ತು ಅರಣ್ಯ ಇಲಾಖೆಗಳಲ್ಲಿ ನನ್ನ ಮೊದಲ ವಿನಂತಿ ಇದು: ಪ್ರವಾಸಿಗರನ್ನು ಕಡಲಿಗೆ ಒಯ್ಯುವ ಪ್ರತಿ ದೋಣಿಯಲ್ಲೂ ಚಾಲಕನಲ್ಲದೆ ತರಬೇತಿ ಪಡೆದ ಸ್ಥಳೀಯ ಮಾರ್ಗದರ್ಶಿಯೊಬ್ಬರು ಇರಬೇಕೆಂದು ಪರವಾನಗಿಯ ಷರತ್ತಿನಲ್ಲೇ ಸೇರಿಸಬೇಕು. ಅವರು ಮೀನುಗಾರರ ಮನೆಗಳ ಹುಡುಗ ಹುಡುಗಿಯರೇ ಆಗಿರಬೇಕು. ತರಬೇತಿಗೆ ಅರಣ್ಯ ಇಲಾಖೆಯ ಕಡಲ ಜೀವಿಗಳ ತಜ್ಞರೂ, ದೀಪಸ್ತಂಭಗಳ ಇಲಾಖೆಯವರೂ, ಎಲ್ಲಕ್ಕಿಂತ ಮುಖ್ಯವಾಗಿ ಗುಡ್ಡದ ಗುರುತು ಹಿಡಿದು ದೋಣಿ ನಡೆಸಿದ ಹಳೆಯ ತಾಂಡೇಲರೂ ಬರಬೇಕು. ಆ ತಲೆಮಾರು ಈಗ ತುಂಬ ಕಡಿಮೆಯಾಗಿದೆ. ನನ್ನ ಪರಿಚಯದ ಹಿರಿಯರು ತೀರಿಕೊಂಡು ಹತ್ತು ವರ್ಷವಾಯಿತೆಂದು ಈ ಸಲ ಹೋದಾಗಲೇ ನನಗೆ ತಿಳಿಯಿತು. 2024ರಲ್ಲಿ ದೇಶದ 75 ದೀಪಸ್ತಂಭಗಳನ್ನು ಪ್ರವಾಸಿ ತಾಣಗಳೆಂದು ಕೇಂದ್ರ ಸರ್ಕಾರ ಅರ್ಪಿಸಿತು. ಉದ್ಯಾನ, ಉಪಾಹಾರ ಗೃಹ, ಲಿಫ್ಟುಗಳ ಜೊತೆಗೆ ಹೇಳುವವರಿಗೂ ಅಂಥ ಯೋಜನೆಗಳಲ್ಲಿ ಸ್ವಲ್ಪ ಹಣ ಎತ್ತಿಡುವುದು ಕಷ್ಟವಲ್ಲ.

ಇದರ ಜೊತೆಯಲ್ಲೇ ಡಾಲ್ಫಿನ್ ನೋಡುವುದಕ್ಕೆ ಸ್ಪಷ್ಟ ನಿಯಮ ಬೇಕು. ‘ಖಚಿತ’ ಎಂಬ ಜಾಹೀರಾತನ್ನು ಮೊದಲು ನಿಲ್ಲಿಸಬೇಕು, ಏಕೆಂದರೆ ಆ ಮಾತು ಕೊಟ್ಟ ಚಾಲಕ ಅದನ್ನು ಉಳಿಸಿಕೊಳ್ಳಲು ಅಟ್ಟಿಸಿಕೊಂಡು ಹೋಗಲೇಬೇಕಾಗುತ್ತದೆ. ಡಾಲ್ಫಿನ್ ಕಂಡ ಕಡೆ ಎಂಜಿನ್ ನಿಲ್ಲಿಸಬೇಕು, ಒಂದು ಗುಂಪಿನ ಹತ್ತಿರ ಒಂದು ಹೊತ್ತಿಗೆ ಒಂದೇ ದೋಣಿ ಇರಬೇಕು, ಹತ್ತು ಹದಿನೈದು ನಿಮಿಷ ನೋಡಿ ಹೊರಡಬೇಕು, ಮರಿಯಿದ್ದರೆ ದೂರದಿಂದಲೇ ಹಿಂದಿರುಗಬೇಕು. ಸರಿಯಾದ ಅಂತರವನ್ನು ತಜ್ಞರು ನಿಗದಿ ಮಾಡಲಿ. ಹೊನ್ನಾವರದ ಬಳಿಯ ಅಪ್ಸರಕೊಂಡ–ಮುಗಳಿ ಪ್ರದೇಶವನ್ನು ಕಡಲ ವನ್ಯಜೀವಿಧಾಮ ಮಾಡುವ ಹೆಜ್ಜೆಯನ್ನು ಇದೇ ಸರ್ಕಾರಿ ವ್ಯವಸ್ಥೆ ಇಟ್ಟಿರುವಾಗ, ಅಲ್ಲಿಂದ ಕಾರವಾರದವರೆಗಿನ ನೀರಿಗೆ ಇಷ್ಟು ನಿಯಮ ಮಾಡುವುದು ದೊಡ್ಡ ಮಾತಲ್ಲ.

ಸುರಕ್ಷತೆಯ ಬಗ್ಗೆ ಹೇಳದೆ ಈ ಪತ್ರ ಮುಗಿಸಲಾರೆ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ ಹದಿನಾರು ಮಂದಿ ಪ್ರಾಣ ಕಳೆದುಕೊಂಡರು, ಅವರಲ್ಲಿ ಮಕ್ಕಳೂ ಇದ್ದರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು, ಜೀವರಕ್ಷಕ ಜಾಕೆಟುಗಳು ಎಲ್ಲರ ಮೈಮೇಲೆ ಇರಲಿಲ್ಲ ಎಂದು ಆಗ ಎಲ್ಲ ಪತ್ರಿಕೆಗಳೂ ಬರೆದವು. ಅದೇ ದ್ವೀಪದ ಪಕ್ಕದಲ್ಲಿ ಹಾದುಹೋಗುವಾಗ ನಮ್ಮ ದೋಣಿಯ ಜಾಕೆಟುಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಕೇಳಿದಾಗ ‘ಬೇಕಾದವರು ಹಾಕಿಕೊಳ್ಳಿ’ ಎಂಬ ಉತ್ತರ ಬಂತು. ನಾನು ತೆಗೆದುಕೊಂಡ ಎರಡರಲ್ಲಿ ಒಂದಕ್ಕೆ ಪಟ್ಟಿಯೇ ಕಿತ್ತುಹೋಗಿತ್ತು. ಡಾಲ್ಫಿನ್ ನೋಡಲು ಇಪ್ಪತ್ತು ಜನ ಒಂದೇ ಮಗ್ಗುಲಿಗೆ ಎದ್ದು ನಿಂತಾಗ ದೋಣಿ ವಾಲಿದ್ದನ್ನು ನೆನೆದರೆ ನನಗೆ ಈಗಲೂ ಮೈ ನಡುಗುತ್ತದೆ. ಡಾಲ್ಫಿನ್ನಿಗೆ ಕೇಡಾಗುವ ಆ ಅಟ್ಟುವಿಕೆಯೇ ದೋಣಿಯಲ್ಲಿರುವವರಿಗೂ ಕೇಡು. ದೋಣಿ ಹತ್ತುವ ಧಕ್ಕೆಯಲ್ಲಿ ತಲೆ ಎಣಿಸಿ, ಜಾಕೆಟ್ಟಿನ ಪಟ್ಟಿ ಬಿಗಿದಿದೆಯೇ ಎಂದು ನೋಡಿ, ಆಮೇಲೆ ಮಾತ್ರ ಹಗ್ಗ ಬಿಚ್ಚಲು ಒಪ್ಪಿಗೆ ಕೊಡುವ ಒಬ್ಬ ಸಿಬ್ಬಂದಿ ಅಲ್ಲಿ ನಿಂತಿರಬೇಕು.

ಇದರಿಂದ ದೋಣಿಯವರ ಹೊಟ್ಟೆಪಾಡಿಗೆ ತೊಂದರೆಯಾಗುತ್ತದೆ ಎಂಬ ಮಾತು ಬರಬಹುದು. ಮೀನು ಕಡಿಮೆಯಾಗಿ, ಡೀಸೆಲ್ ದುಬಾರಿಯಾಗಿ, ನೌಕಾನೆಲೆಗಾಗಿ ಹಿಂದೆ ಊರು ಬಿಟ್ಟುಕೊಟ್ಟು ಈ ಕಸುಬಿಗೆ ಬಂದ ಮನೆಗಳ ಕಷ್ಟ ನನಗೆ ತಿಳಿಯದ್ದೇನಲ್ಲ; ಅವರ ಸಾಲದ ಕಡತಗಳನ್ನು ನಾನೇ ಬರೆದವನು. 2024ರ ಆಗಸ್ಟಿನಲ್ಲಿ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದಾಗ ಅದರ ಚಾಲಕನನ್ನು ಬದುಕಿಸಲು ಮಳೆಗಾಲದ ಆ ನೀರಿಗೆ ದೋಣಿ ಇಳಿಸಿದವರು ಇಲ್ಲಿನ ಮೀನುಗಾರರೇ. ಇಂಥವರಿಗೆ ನಿಯಮ ಪಾಲಿಸಲು ಬಾರದು ಎಂದು ನಾನು ನಂಬುವುದಿಲ್ಲ. ಹೇಳುವವರಿರುವ ಯಾನಕ್ಕೆ ನೂರು ಇನ್ನೂರು ರೂಪಾಯಿ ಹೆಚ್ಚು ಕೊಡಲು ಬೆಂಗಳೂರಿನಿಂದ ಹೋಗುವ ನಮ್ಮಂಥವರು ಹಿಂದೆಗೆಯುವುದೂ ಇಲ್ಲ, ಹಿಂದೆಗೆಯಲೂ ಬಾರದು. ಅಟ್ಟಾಟ ನಿಂತರೆ ಉಳಿಯುವ ಇಂಧನದ ಲೆಕ್ಕವೂ ಇದೆ.

ತರಬೇತಿಗೆ ಸಮಯ ಎಲ್ಲಿದೆ ಎಂದು ಕೇಳುವವರಿಗೆ ಕರಾವಳಿಯ ಪಂಚಾಂಗವೇ ಉತ್ತರ ಕೊಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ, ಮಳೆಗಾಲದಲ್ಲಿ ಪ್ರವಾಸಿ ದೋಣಿಗಳೂ ದಡ ಸೇರಿರುತ್ತವೆ, ತಾಂಡೇಲರು ಮನೆಯಲ್ಲಿ ಕುಳಿತು ಬಲೆ ಹೆಣೆಯುತ್ತಿರುತ್ತಾರೆ. ಬರುವ ಜೂನಿನಲ್ಲೇ ಮೊದಲ ತಂಡದ ಮೂವತ್ತು ನಲವತ್ತು ಯುವಕ ಯುವತಿಯರನ್ನು ಆರಿಸಿ ಆ ಎರಡು ತಿಂಗಳಲ್ಲಿ ಪಾಠ ಮುಗಿಸಿದರೆ, ಮಳೆ ನಿಂತು ದೋಣಿಗಳು ಮತ್ತೆ ನೀರಿಗಿಳಿಯುವ ಹೊತ್ತಿಗೆ ಅವರು ಸಿದ್ಧರಾಗಿರುತ್ತಾರೆ. ಆ ತಾಂಡೇಲರು ಹೇಳಿದ್ದನ್ನು ನಾನು ಅಂದಿನ ದಿನಚರಿಗಳಲ್ಲಿ ಬರೆದಿಟ್ಟುಕೊಂಡಿದ್ದೇನೆ. ಪಾಠಕ್ಕೆ ಉಪಯೋಗವಾಗುವುದಾದರೆ ಆ ಪುಟಗಳ ಪ್ರತಿಯನ್ನು ಸಂಬಂಧಪಟ್ಟ ಇಲಾಖೆಗೆ ಕಳುಹಿಸಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಉದ್ಯೋಗಿ
ಬಸವನಗುಡಿ, ಬೆಂಗಳೂರು